ಇನ್ನೊಂದು ಸಾಲ ಬೇಡ

ಬಾಗಿಲು ಬಡಿದ ಸದ್ದಿಗೆ ಹೇಮಶ್ರೀ ಚಿಲಕ ಹಾಕಿದೆಯೇ ಎಂದು ಮೊದಲು ನೋಡಿದಳು. ಪರದೆಯನ್ನು ಬೆರಳಷ್ಟು ಸರಿಸಿ ಇಣುಕಿದಳು. ಎತ್ತರದ ಆಳು, ಕಂಕುಳಲ್ಲಿ ಹೆಲ್ಮೆಟ್. ಸಾಲ ವಸೂಲಿಗೆ ಬರುವವರೆಲ್ಲ ಹೀಗೇ ಇರುತ್ತಾರೆ.

"ಹೇಮಶ್ರೀ ಮೇಡಂ ಇದ್ದಾರಾ?"

"ಇಲ್ಲ, ಊರಿಗೆ ಹೋಗಿದ್ದಾರೆ," ಎಂದಳು ಒಳಗಿನಿಂದಲೇ.

"ಸರಿ. ಬಂದ್ಮೇಲೆ ಹೇಳ್ಬಿಡಿ, ವಾಷಿಂಗ್ ಮಷೀನ್ ತಗೊಂಡು ಹೋಗೋಕೆ ಕತ್ರಿಗುಪ್ಪೆಯಿಂದ ಶಿವರಾಮ್ ಬಂದಿದ್ದ ಅಂತ. ಮಾರೋದಿದೆ ಅಂತ ಬೆಳಿಗ್ಗೆ ಫೋನಲ್ಲಿ ಮಾತಾಡಿದ್ರು. ದನಿ ಥೇಟ್ ನಿಮ್ಮದೇ."

ಬಾಗಿಲು ತೆರೆಯದೆ ಗತಿಯಿರಲಿಲ್ಲ. ಅವನು ನಗಲಿಲ್ಲ. ತುಟಿ ಕಚ್ಚಿಕೊಂಡು ಮಷೀನಿನ ಪೈಪು ಬಿಚ್ಚತೊಡಗಿದ. ಕಣ್ಣುಗಳು ಮಾತ್ರ ಮಾತು ಕೇಳದೆ ನಕ್ಕವು.

ಮೊದಲು ಜೆ.ಪಿ. ನಗರದ ದೊಡ್ಡ ಮನೆಯಲ್ಲಿದ್ದಾಗ ಕಾರಿಗೂ ಪ್ರವಾಸಗಳಿಗೂ ಅವಳೂ ಗಂಡ ಮೋಹಿತನೂ ಜೊತೆಯಾಗಿ ಸಹಿ ಹಾಕಿ ಸಾಲ ತೆಗೆದಿದ್ದರು. ಒಂದು ಮುಂಜಾನೆ ಮೋಹಿತ್ ಎದೆ ಹಿಡಿದುಕೊಂಡು ಕುಸಿದ. ಸಾಲ ಉಳಿಯಿತು. ಅವಳು ಅಳುವುದಕ್ಕೂ ಮೊದಲೇ ಫೋನುಗಳು ಬಂದವು.

ಕಾರು ಹೋಯಿತು, ಸೋಫಾ ಹೋಯಿತು, ಕೊನೆಗೆ ಮನೆಯನ್ನೂ ಬಿಟ್ಟು ಬಿಳೇಕಹಳ್ಳಿಯ ನಾರಾಯಣಮ್ಮನವರ ಮಹಡಿಯ ಈ ಒಂಟಿ ಬಾಡಿಗೆ ಕೋಣೆಗೆ ಬಂದಳು. ಈಗ ಮಷೀನೂ ಹೋಯಿತು. ಕಾಲೇಜಿನ ಕೆಲಸಕ್ಕೆ ನಡಿಗೆ, ಕಲ್ಲಿನ ಮೇಲೆ ಬಟ್ಟೆ, ರಾತ್ರಿಗೆ ಮುದ್ದೆ, ಸೊಪ್ಪಿನ ಸಾರು. ಸಾಲ ಕರಗುತ್ತಿತ್ತು. ಭಯ ಕರಗಲಿಲ್ಲ. ಹೊಸ ನಂಬರಿನಿಂದ ಫೋನು ಬಂದರೆ ಅದನ್ನು ದಿಂಬಿನಡಿ ತಳ್ಳುತ್ತಿದ್ದಳು.

ಹಳೇ ಸಾಮಾನಿನ ಅಂಗಡಿಯ ಶಿವರಾಮ್ ನೆಪ ಹುಡುಕಿ ಬರುತ್ತಿದ್ದ.

"ಮತ್ತೇನು ಮಾರೋದಿದೆ ಮೇಡಂ?"

"ಏನೂ ಇಲ್ಲ. ನಾನೊಬ್ಬಳೇ ಉಳಿದಿರೋದು."

"ಅದೊಂದನ್ನ ಯಾರಿಗೂ ಕೊಡ್ಬೇಡಿ."

ಒಮ್ಮೆ ಒದ್ದೆ ಬೆಡ್‌ಶೀಟನ್ನು ಒಬ್ಬಳೇ ಹಿಂಡಲಾಗದೆ ಒದ್ದಾಡುತ್ತಿದ್ದಳು. "ಮಷೀನು ಒಯ್ದ ಪಾಪಕ್ಕೆ ನಾನೇ ಹಿಂಡಬೇಕಲ್ವಾ," ಎಂದು ಅವನು ಇನ್ನೊಂದು ತುದಿ ಹಿಡಿದ. ಅವಳು ಈ ಕಡೆ ತಿರುಚಿದಳು, ಅವನು ಆ ಕಡೆ. ಬಟ್ಟೆ ಗಿಡ್ಡವಾಗುತ್ತಾ ಇಬ್ಬರೂ ಹತ್ತಿರವಾದರು. ಅವನ ರೆಪ್ಪೆಯ ಮೇಲೊಂದು ನೀರಿನ ಹನಿ ನಿಂತಿತ್ತು. ಒರೆಸಲು ಅವಳ ಕೈ ಎದ್ದೇಬಿಟ್ಟಿತ್ತು. ಬೆದರಿ, ಅವಳು ತುದಿಯನ್ನು ಬಿಟ್ಟುಬಿಟ್ಟಳು.

ಕೆಳಗಿನಿಂದ ನಾರಾಯಣಮ್ಮ ಕೂಗಿದರು: "ಏನ್ ಶಿವರಾಮು, ಬರ್ತೀಯ, ಬರಿಗೈಲಿ ಹೋಗ್ತೀಯ. ನಿನ್ ಅಂಗಡಿ ಉದ್ಧಾರ ಆದಂಗೇ!"

ಒಂದು ಭಾನುವಾರ ಸಂಜೆ ಅವನು ತಮಾಷೆ ಮಾಡಲಿಲ್ಲ. ಅಡುಗೆ ಕಟ್ಟೆಗೆ ಒರಗಿ ನಿಂತ.

"ಅಂಜನಾಪುರದಲ್ಲಿ ನಂದೊಂದು ಸೈಟಿದೆ. ಮಾರಿ ನಿಮ್ಮ ಸಾಲ ಪೂರ್ತಿ ತೀರಿಸ್ಬಿಡ್ತೀನಿ. ಆಮೇಲೆ ಮದುವೆ ಆಗೋಣ."

ಮುದ್ದೆಗೆ ಎಸರಿಡುತ್ತಿದ್ದ ಹೇಮಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ವಸೂಲಿಯವರು ಬೈದಾಗಲೂ ಇಷ್ಟು ಹೆದರಿರಲಿಲ್ಲ.

"ಬೇಡ. ಸಾಲದವರು ದುಡ್ಡು ಕೇಳ್ತಾರೆ, ಕೊಟ್ಟು ಮುಗಿಸ್ತೀನಿ. ನಿಮಗೆ ಏನು ಕೊಟ್ಟು ಮುಗಿಸಲಿ? ನಿಮ್ಮ ಮೇಲೆ ಸಿಟ್ಟು ಬಂದ ದಿನ ಸೈಟು ನೆನಪಾಗಿ ಬಾಯಿ ಮುಚ್ಕೋಬೇಕಾಗುತ್ತೆ."

ಅವನ ಮುಖ ಸಣ್ಣಗಾಯಿತು.

"ಸರಿ, ಮಾರಲ್ಲ. ನಿಮ್ಮ ಸಾಲ ನೀವೇ ತೀರಿಸಿ. ನಾನು ಕಾಯ್ತೀನಿ."

"ಅದಕ್ಕೂ ಭಯ."

"ಅದಕ್ಯಾಕೆ?"

"ಸಾಲ ತೀರಿದ ದಿನ ಬೇಡ ಅನ್ನೋಕೆ ನನ್ನ ಹತ್ರ ನೆಪ ಇರಲ್ಲ."

ಶಿವರಾಮನ ಕಣ್ಣಿಗೆ ತುಂಟತನ ಮರಳಿತು. "ಹಾಗಾದ್ರೆ ಅದಕ್ಕೆ ಮುಂಚೆನೇ ಹೂಂ ಅಂದ್ಬಿಡಿ. ಈ ಕೋಣೇಲಿ ನಾನೂ ಹಿಡಿಸ್ತೀನಿ. ಮುದ್ದೆ ನುಂಗೋಕೂ ಬರುತ್ತೆ."

ನಗಲು ಹೋದವಳಿಗೆ ಅಳು ಬಂತು. ಮೋಹಿತ್ ಹೋದ ದಿನ ಬರಬೇಕಿದ್ದ ಅಳು.

"ನೀವೂ ಹೋಗ್ಬಿಟ್ರೆ, ಶಿವರಾಮ್?"

ಅವನು ಆಣೆ ಮಾಡಲಿಲ್ಲ. "ಅದು ನನ್ನ ಕೈಲಿಲ್ಲ ಹೇಮಾ. ಇವತ್ತು ಊಟಕ್ಕಂತೂ ಇರ್ತೀನಿ, ಕರೆದ್ರೆ."

ಅವಳು ಕಣ್ಣೊರೆಸಿಕೊಂಡು, ಕುದಿಯುತ್ತಿದ್ದ ಎಸರಿಗೆ ಇನ್ನೊಬ್ಬರಿಗಾಗುವಷ್ಟು ನೀರು ಸುರಿದಳು. ರಾಗಿ ಹಿಟ್ಟು ಹಾಕುವಾಗ ಒಂದಿಷ್ಟು ಒಲೆಯ ಮೇಲೆ ಚೆಲ್ಲಿತು.

"ಹೂಂ," ಎಂದಳು, ತಿರುಗದೆ. "ಆದ್ರೆ ಭಯ ಹೋಗಿಲ್ಲ."

"ಇರಲಿ ಬಿಡಿ. ಹಿಟ್ಟು ಗಂಟಾಗ್ತಿದೆ, ಕೋಲು ಈ ಕಡೆ ಕೊಡಿ," ಎಂದು ಶಿವರಾಮ್ ಕೈ ಚಾಚಿದ.

ಅವಳು ಕೊಟ್ಟಳು.