ಹಸಿರು ಸ್ವೆಟರ್ ಹೆಣೆದವಳು

"ಅಯ್ಯೋ! ದಾವಣಗೆರ್‍ಯಾಗ ಸ್ವೆಟರಾ?"

ಬಾಗಿಲು ತೆರೆದ ಅಕ್ಕನಾಗಮ್ಮನ ಬಾಯಿಂದ ಬಂದ ಮೊದಲ ಮಾತೇ ಇದು. ಎದುರಿಗೆ ನಿಂತವನು ತನ್ನನ್ನು ಮದುವೆಯಾಗಬಹುದಾದ ಹುಡುಗ ಎಂದು ಗೊತ್ತಿದ್ದೂ ಅವಳ ನಾಲಿಗೆ ನಿಲ್ಲಲಿಲ್ಲ.

ಅವನು ಕಿವಿಯವರೆಗೂ ಕೆಂಪಾದ. ತನ್ನ ಬಾಟಲಿ ಹಸಿರಿನ ಸ್ವೆಟರನ್ನು ಒಮ್ಮೆ ನೋಡಿಕೊಂಡ.

"ಹರಿಹರದಾಗ ಹೊಳಿ ಗಾಳಿ ಇರ್ತೈತ್ರಿ. ಬೆಳಗ್ಗೆ ಕಾರ್ಖಾನೆಗೆ ಹೊರಟಾಗ ಥಂಡಿ ಇತ್ತು."

"ಈಗ ಸಂಜಿ ಆತಲ್ರಿ!"

"ಹಂಗಾದ್ರೆ ಇಲ್ಲೇ ಬಿಚ್ಚಲೇನ್ರಿ?"

ಈಗ ಕೆಂಪಾಗುವ ಸರದಿ ಅವಳದು. "ಅಪ್ಪಾ, ಹರಿಹರದೋರು ಬಂದ್ರು!" ಎಂದು ಕೂಗಿ ಒಳಗೆ ಓಡಿದಳು. ಅಡುಗೆಮನೆಯ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಪ್ಪತ್ತು ವರ್ಷದಲ್ಲಿ ಯಾರ ಮುಂದೆಯೂ ಹೀಗಾಗಿರಲಿಲ್ಲ.

ಅದು ೧೯೫೯ರ ಜನವರಿ. ಪಿ.ಜೆ. ಬಡಾವಣೆಯ ಪಂಚಾಕ್ಷರಪ್ಪನವರಿಗೆ ಚೌಕಿಪೇಟೆಯಲ್ಲಿ ಬಟ್ಟೆ ಅಂಗಡಿ. ತಾಯಿಯಿಲ್ಲದ ಒಬ್ಬಳೇ ಮಗಳು ಅಕ್ಕನಾಗಮ್ಮ, ಮನೆಯವರಿಗೆ ನಾಗು. ಸಾಕಿ ಬೆಳೆಸಿದವರು ಸೋದರತ್ತೆ ಹೊನ್ನಕ್ಕ. ಹುಡುಗ ಉಜ್ಜನಪ್ಪ ಹತ್ತಿರದ ಹದಡಿ ಹಳ್ಳಿಯವನು, ಹರಿಹರದ ಕಾರ್ಖಾನೆಯಲ್ಲಿ ಮೇಸ್ತ್ರಿ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು ಹೆಣ್ಣು ತೋರಿಸುವ ಶಾಸ್ತ್ರ ಪಂಚಾಕ್ಷರಪ್ಪನವರಿಗೆ ಬೇಡವಾಗಿತ್ತು. ಜನವರಿ ಇಪ್ಪತ್ತಾರು ಸೋಮವಾರ ಬಿದ್ದಿತ್ತು, ಮೂರು ದಿನ ರಜೆ. ಎಲ್ಲರೂ ಮಡಿಕೇರಿಗೆ ಹೋಗಿ ಬರೋಣ, ಹುಡುಗ ಹುಡುಗಿ ಹಿರಿಯರ ಕಣ್ಣೆದುರೇ ನಾಲ್ಕು ಮಾತಾಡಿಕೊಳ್ಳಲಿ, ಒಪ್ಪಿಗೆಯಾದರೆ ಬಂದು ವೀಳ್ಯ ಬದಲಿಸೋಣ ಎಂಬುದು ಅವರ ಲೆಕ್ಕ. ಉಜ್ಜನಪ್ಪ ಒಂದು ವರ್ಷ ಮಡಿಕೇರಿಯಲ್ಲಿ ಕಾಫಿ ಯಂತ್ರದ ಕೆಲಸಕ್ಕಿದ್ದನಂತೆ. ದಾರಿ ಗೊತ್ತಿರುವವನು.

"ನಮ್ಮ ಲಿಂಗವಂತ ರಾಜರು ಆಳಿದ ಊರಪ್ಪ! ಈಗ ನಮ್ಮ ರಾಜ್ಯಕ್ಕೇ ಸೇರೈತೆ. ಅವರ ಗದ್ದಿಗೆ ನೋಡ್ದಿದ್ರೆ ಹೆಂಗೆ?" ಎಂದರು ಪಂಚಾಕ್ಷರಪ್ಪ.

"ಕೋಟೆಯೊಳಗೆ ಎರಡು ಗಾರೆ ಆನೆ ಅದಾವ್ರಿ, ಜೀವಂತ ಆನೆಯಷ್ಟೇ ಎತ್ತರ. ಬೆಳಗ್ಗೆ ಎದ್ದು ನಿಂತ್ರೆ ಮೋಡ ನಮ್ಮ ಕಾಲ ಕೆಳಗ ಇರ್ತಾವು," ಎಂದ ಉಜ್ಜನಪ್ಪ.

ಕಾಫಿ ತಂದ ನಾಗು ಬಾಗಿಲಲ್ಲೇ ನಿಂತು ಕೇಳಿದಳು. ಆ ಮೋಡಗಳ ಮೇಲೆ ಇವನ ಪಕ್ಕ ತಾನು... ಛೀ, ಎಷ್ಟು ಬೇಗ!

ಆಗಲೇ ಹೊನ್ನಕ್ಕ ಕೈ ಚಾಚಿ ಅವನ ತೋಳಿನ ಉಣ್ಣೆಯನ್ನು ಬೆರಳಲ್ಲಿ ಹಿಡಿದು ನೋಡಿದರು.

"ಇದು ಅಂಗಡೀದಲ್ಲ. ಕೈಯಾಗ ಹೆಣೆದಿದ್ದು. ಯಾರು ಹೆಣೆದ್ರಪ್ಪ?"

ಅವನು ಕಾಫಿಯ ಲೋಟ ಕೆಳಗಿಟ್ಟ.

"ಅದು... ಮಡಿಕೇರ್‍ಯಾಗ ಇದ್ದಾಗ ಆಗಿದ್ರಿ."

ಆಗಿದ್ದು! ಸ್ವೆಟರ್ ಏನು ಮೊಡವೆಯೇ, ತಾನಾಗಿಯೇ ಆಗುವುದಕ್ಕೆ? ದಾವಣಗೆರೆ ಹತ್ತಿಯ ಊರು. ಇಲ್ಲಿ ಉಣ್ಣೆ ಎಂದರೆ ಕುರುಬರ ಕಂಬಳಿ. ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವುದನ್ನು ನಾಗು ಕಂಡಿದ್ದು ಹೈಸ್ಕೂಲಿನ ಮೇಡಂ ಒಬ್ಬರ ಕೈಯಲ್ಲಿ ಮಾತ್ರ. ಹೆಣಿಗೆ ಎಂದರೆ ಹೆಂಗಸಿನ ಕೈ, ಅದರಲ್ಲಿ ಎರಡನೇ ಮಾತಿಲ್ಲ.

ಸಾಲದ್ದಕ್ಕೆ ಅವನು ಮೆಲ್ಲಗೆ ಒಂದು ಮಾತು ಸೇರಿಸಿದ.

"ಭಾನುವಾರ ಮಧ್ಯಾಹ್ನ ಒಂದಿಷ್ಟು ಬಿಡುವು ಬೇಕ್ರಿ. ಅಲ್ಲಿ ಒಬ್ಬರನ್ನ ನೋಡಬೇಕು. ಹಳೇ ಪರಿಚಯ."

ನಾಗುವಿನ ಮೋಡಗಳೆಲ್ಲ ಅಲ್ಲೇ ಕರಗಿದವು.

ಆ ದಿನದಿಂದ ಅವಳ ತಲೆಯೊಳಗೆ ಒಬ್ಬಳು ಬಂದು ಕೂತಳು. ಬೆಳ್ಳಗಿನವಳು. ನೀಳ ಬೆರಳಿನವಳು. ಕಿಟಕಿಯ ಪಕ್ಕ ಕೂತು, ಅವನ ಎದೆಯಳತೆಯನ್ನು ಕಣ್ಣಲ್ಲೇ ಅಂದಾಜು ಮಾಡಿ, ಒಂದೊಂದೇ ಕುಣಿಕೆ ಹಾಕುವವಳು! ಜೋಳದ ಹಿಟ್ಟು ಕಲಸುವಾಗ ಅವಳು. ಹೂ ಮುಡಿಯುವಾಗ ಅವಳು. ಇಷ್ಟಲಿಂಗ ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿದರೂ ಅವಳೇ!

'ನನಗ್ಯಾಕ ಹೊಟ್ಟೆಯುರಿ? ಇನ್ನೂ ವೀಳ್ಯ ಸಹ ಆಗಿಲ್ಲ...' ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಹೊಟ್ಟೆ ಕೇಳಬೇಕಲ್ಲ!

ಮುಂದಿನ ಭಾನುವಾರ ಉಜ್ಜನಪ್ಪ ರೈಲಿನ ವಿಚಾರ ಮಾತಾಡಲು ಬರುವ ಹೊತ್ತಿಗೆ ನಾಗು ಸಿದ್ಧವಾಗಿದ್ದಳು. ಪ್ರವಾಸದ ಮೂರೂ ದಿನವನ್ನು ತಾನೇ ಹಂಚಿ ಇಟ್ಟಿದ್ದಳು. ಎಲ್ಲಿಯೂ ಉಸಿರಾಡಲು ಜಾಗವಿರಲಿಲ್ಲ.

"ಶನಿವಾರ ಕೋಟೆ, ಅರಮನೆ. ಭಾನುವಾರ ಬೆಳಗ್ಗೆ ಗದ್ದಿಗೆ, ಮಧ್ಯಾಹ್ನ ಓಂಕಾರೇಶ್ವರ, ಅಲ್ಲಿಂದ ಪೇಟೆ, ಸಂಜಿಗೆ ರಾಜಾಸೀಟು."

"ಭಾನುವಾರ ಮಧ್ಯಾಹ್ನ ನಾನು..."

"ದೇವರಿಗಿಂತ ನಿಮ್ಮ ಪರಿಚಯದೋರು ದೊಡ್ಡೋರೇನ್ರಿ?"

"ನಾಗೂ!" ಎಂದು ಗದರಿದರು ಹೊನ್ನಕ್ಕ.

ಉಜ್ಜನಪ್ಪನ ಮುಖ ಸಪ್ಪಗಾಗಿದ್ದು ಕಂಡು ನಾಗುವಿಗೆ ಒಂದು ಕ್ಷಣ ಗೆದ್ದ ಖುಷಿ, ಮರುಕ್ಷಣವೇ ಸಂಕಟ. ಅವಳನ್ನು ನೋಡದಿದ್ದರೆ ಇಷ್ಟು ನೋವೇ ಇವರಿಗೆ?

ಹೊರಡುವಾಗ ಗೇಟಿನ ಮೊಳೆಗೆ ಸ್ವೆಟರಿನ ತೋಳು ಸಿಕ್ಕಿ ಎಳೆ ಬಿಟ್ಟಿತು. "ಬಿಚ್ಚಿ ಕೊಡಪ್ಪ, ನಮ್ಮ ನಾಗು ಚೆಂದಾಗಿ ಸರಿ ಮಾಡ್ತಾಳೆ," ಎಂದರು ಹೊನ್ನಕ್ಕ. ಅವನು ಹಿಂಜರಿದ. ಕೊನೆಗೆ ಬಿಚ್ಚಿ, ಮಡಿಸಿ, ಎರಡೂ ಕೈಯಿಂದ ನಾಗುವಿಗೆ ಕೊಟ್ಟ.

"ಜೋಪಾನ ರೀ," ಎಂದ.

ಆ ಒಂದು ಮಾತು ಸಾಕಾಯಿತು!

ಮರುದಿನ ಮಧ್ಯಾಹ್ನ ಹಿತ್ತಲ ಕಟ್ಟೆಯ ಮೇಲೆ ಕೂತು ನಾಗು ಸ್ವೆಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಬಟ್ಟೆ ವ್ಯಾಪಾರಿಯ ಮಗಳ ಕಣ್ಣು ಅದು. ಎದೆಯ ಭಾಗಕ್ಕೆ ಮಾತ್ರ ಒಳಗಿನಿಂದ ಇನ್ನೊಂದು ಪದರ ಹೆಣೆದು ಕೂಡಿಸಲಾಗಿತ್ತು. ಇವನ ಎದೆಗೆ ಗಾಳಿ ತಾಕಬಾರದು ಎಂದು ಯಾರೋ ಅಷ್ಟು ಆಸ್ಥೆಯಿಂದ...

'ಎಷ್ಟು ಪ್ರೀತಿ ಇದ್ದಿರಬೇಕು ಅವಳಿಗೆ!'

ಕಣ್ಣು ಮಂಜಾಯಿತು. ತೋಳಿನ ತುದಿಯಲ್ಲಿ ಬಿಟ್ಟಿದ್ದ ಎಳೆಯನ್ನು ಹಿಡಿದು ಸುಮ್ಮನೆ ಎಳೆದಳು. ಒಂದು ಸಾಲು ಬಿಚ್ಚಿತು. ಇನ್ನೊಂದು. ಕೈ ನಿಲ್ಲಲಿಲ್ಲ. ನಿನ್ನ ಕುಣಿಕೆಗಳೆಲ್ಲ ಬಿಚ್ಚಲಿ, ಇದೊಂದು, ಇದೊಂದು... ಎಚ್ಚರವಾಗುವ ಹೊತ್ತಿಗೆ ಮೊಣಕೈಯವರೆಗೆ ತೋಳೇ ಇರಲಿಲ್ಲ. ಮಡಿಲಲ್ಲಿ ಸುಕ್ಕುಸುಕ್ಕಾದ ಹಸಿರು ನೂಲಿನ ರಾಶಿ!

"ಅಯ್ಯೋ ಶಿವನೇ, ಏನು ಮಾಡಿಬಿಟ್ಟೆ ನಾನು?"

ಸರಿ ಮಾಡೋಣವೆಂದರೆ ಅವಳಿಗೆ ಹೆಣಿಗೆ ಬಾರದು. ಹೊಟ್ಟೆಕಿಚ್ಚಿನ ಜೊತೆ ಈಗ ನಾಚಿಕೆಯೂ ಸೇರಿತು. ಎರಡು ದಿನ ಒದ್ದಾಡಿದಳು. ಕೊನೆಗೆ, ಹರಿಹರೇಶ್ವರನ ದರ್ಶನ ಮಾಡಿ ಸ್ವೆಟರನ್ನೂ ಕೊಟ್ಟು ಬರೋಣ ಎಂದು ಹೊನ್ನಕ್ಕನನ್ನು ಬಸ್ಸಿಗೆ ಹತ್ತಿಸಿದಳು. ಅವಳು ಯಾರು ಎಂದು ಮುಖಕ್ಕೆ ಮುಖ ಕೊಟ್ಟು ಕೇಳಿಯೇ ಬಿಡುವುದು. ಅವಳೇ ಬೇಕೆಂದರೆ ಈ ಮದುವೆಯೇ ಬೇಡ!

ದೇವಸ್ಥಾನದ ಹಿಂದಿನ ಓಣಿಯಲ್ಲಿ ಉಜ್ಜನಪ್ಪನ ಬಾಡಿಗೆ ಕೋಣೆ. ಅವತ್ತು ಅವನಿಗೆ ರಾತ್ರಿ ಪಾಳಿ, ಹಗಲೆಲ್ಲ ಕೋಣೆಯಲ್ಲೇ ಇದ್ದ. ಗಾಬರಿಯಿಂದಲೇ ಬರಮಾಡಿಕೊಂಡು ಇಬ್ಬರಿಗೂ ಚಹಾ ಕೊಟ್ಟ. ಹೊನ್ನಕ್ಕ ತಮ್ಮ ಲೋಟ ಹಿಡಿದು ಜಗಲಿಯಲ್ಲಿ ಕೂತರು. ನಾಗು ಕೋಣೆಯ ಹೊಸ್ತಿಲ ಒಳಗೆ ನಿಂತು, ಚೀಲದಿಂದ ಅರ್ಧ ತೋಳು ಬಿಚ್ಚಿದ ಸ್ವೆಟರನ್ನೂ ನೂಲಿನ ಉಂಡೆಯನ್ನೂ ತೆಗೆದು ಅವನ ಮುಂದಿಟ್ಟಳು.

"ಮೊಳೆಯಿಂದ ಆಗಿದ್ದಲ್ರೀ. ನಾನೇ ಬಿಚ್ಚಿದೆ."

"ಯಾಕ್ರಿ?"

"ಹೊಟ್ಟೆಕಿಚ್ಚಿಗೆ!" ಅವಳಿಗೆ ಅಳು ಬಂತು. "ಇದನ್ನ ಹೆಣೆದವಳ ಮ್ಯಾಲೆ. ಭಾನುವಾರ ನೀವು ನೋಡಾಕೆ ಹೋಗ್ತೀರಲ್ಲ, ಅವಳ ಮ್ಯಾಲೆ. ಯಾರವಳು? ಹೇಳ್ರಿ, ನಾನು ಅಡ್ಡ ಬರೋದಿಲ್ಲ..."

ಉಜ್ಜನಪ್ಪ ಅವಳನ್ನೇ ನೋಡಿದ. ಗೋಡೆಯ ಬದಿಯ ಟ್ರಂಕು ತೆರೆದು ಬಟ್ಟೆಯ ಅಡಿಯಿಂದ ಎರಡು ಉದ್ದ ಕಡ್ಡಿ ತೆಗೆದ. ಚಾಪೆಯ ಮೇಲೆ ಕೂತು, ಬಿಚ್ಚಿದ ತೋಳಿನ ಕುಣಿಕೆಗಳನ್ನು ಒಂದೊಂದಾಗಿ ಕಡ್ಡಿಗೆ ಏರಿಸಿ, ಹೆಣೆಯತೊಡಗಿದ.

ಕಾರ್ಖಾನೆಯ ಲೇತು ಯಂತ್ರ ಹಿಡಿದು ಗಡುಸಾದ ಆ ಬೆರಳುಗಳು ಸರಸರನೆ ಆಡುತ್ತಿದ್ದವು. ಒಂದು ಸಾಲು ಮುಗಿಯಿತು. ಎರಡು. ನಾಗು ಬಾಯಿ ತೆರೆದುಕೊಂಡು ನಿಂತಳು.

"ನೀವಾ?!"

"ಹೂಂ. ನಾನೇ."

"ಗಂಡಸ್ರಾಗಿ... ಎಲ್ಲಿ ಕಲಿತ್ರಿ ಇದನ್ನ?"

ಕಡ್ಡಿ ನಿಂತಿತು.

"ಆಸ್ಪತ್ರೆಯಾಗ. ನಾನು ಮಡಿಕೇರಿಗೆ ಕಾಫಿ ಯಂತ್ರದ ಕೆಲಸಕ್ಕೆ ಹೋಗಿರಲಿಲ್ಲ ನಾಗಮ್ಮೋರೇ. ಅದು ನಮ್ಮವ್ವ ಊರಿಗೆಲ್ಲ ಹೇಳಿದ ಸುಳ್ಳು. ನನಗೆ ಕ್ಷಯ ಆಗಿತ್ತು."

ಜಗಲಿಯಲ್ಲಿ ಹೊನ್ನಕ್ಕನ ಬಳೆ ಸದ್ದಾಯಿತು. ಅವರು ಎದ್ದು ನಿಂತಿದ್ದರು.

"ಒಂದು ವರ್ಷ ಹಾಸಿಗೆ. ಪಕ್ಕದ ಮಂಚದಾಗ ಮಾಳಿಂಗಪ್ಪ ಅಂತ ಇದ್ದ, ಕಂಬಳಿ ನೇಯೋನು, ಇಷ್ಟುದ್ದ ಮೀಸೆ. ನರ್ಸಮ್ಮ ಎಲ್ಲರ ಕೈಗೂ ಕಡ್ಡಿ ಕೊಟ್ಟು ಕಲಿಸಿದ್ರು. ಸುಮ್ಮನೆ ಮಲಗಿದ್ರೆ ಸಾವಿನ ಯೋಚನೇನೇ ಬರ್ತೈತಿ ಅಂತ. ಎದೆಗೆ ಎರಡು ಪದರ ಹಾಕು ಅಂದೋನು ಮಾಳಿಂಗಪ್ಪ." ಅವನ ದನಿ ತಗ್ಗಿತು. "ನಾನು ವಾಸಿಯಾಗಿ ಮನೆಗೆ ಬಂದೆ. ಅವನು ಬರಲಿಲ್ಲ."

ನಾಗು ಹೊಸ್ತಿಲ ಬಳಿಯೇ ಕೂತುಬಿಟ್ಟಳು.

"ನಾಕು ವರ್ಷ ಆತು. ಈಗ ಏನೂ ಇಲ್ಲ. ಭಾನುವಾರ ನಿಮ್ಮನ್ನೂ ನಿಮ್ಮ ಅಪ್ಪಾರನ್ನೂ ನನ್ನನ್ನ ವಾಸಿ ಮಾಡಿದ ಡಾಕ್ಟ್ರ ಮುಂದೆ ಕೂಡ್ರಿಸಿ, ಅವರ ಬಾಯಿಂದಾನೇ ಎಲ್ಲಾ ಹೇಳಿಸೋಣ ಅಂತಿದ್ದೆ. ಇಷ್ಟು ದಿನ ಮುಚ್ಚಿಟ್ಟಿದ್ದು ತಪ್ಪು. ನಿಮ್ಮನ್ನ ಬಾಗಿಲಾಗ ನೋಡಿದ ಮ್ಯಾಲೆ... ಹೇಳಾಕೆ ಧೈರ್ಯ ಬರಲಿಲ್ಲ."

"ನಾಗೂ, ಏಳು. ಹೋಗಾಣ," ಎಂದರು ಹೊನ್ನಕ್ಕ. ತಮ್ಮ ಕೈಯ ಲೋಟವನ್ನು ಜಗಲಿಯ ತುದಿಗೆ, ಆದಷ್ಟು ದೂರ, ಇಟ್ಟಿದ್ದರು.

"ಹೆದರಬ್ಯಾಡ್ರಿ ಅತ್ತೆಮ್ಮ. ಆ ಲೋಟ ಹೊಸಾವು. ನನ್ನದು ಯಾವಾಗ್ಲೂ ಬ್ಯಾರೇನೇ," ಎಂದ ಉಜ್ಜನಪ್ಪ ತಲೆ ತಗ್ಗಿಸಿ. ಅವನ ಪಕ್ಕ ಅಂಚು ಸೊಟ್ಟಗಾದ ಹಿತ್ತಾಳೆಯ ಲೋಟವಿತ್ತು. ಅರ್ಧ ಕುಡಿದ ಚಹಾ ಆರಿತ್ತು.

ನಾಗು ಎದ್ದಳು. ಹೊರಗೆ ಹೋಗಲಿಲ್ಲ. ಬಾಗಿ ಆ ಲೋಟವನ್ನು ಎತ್ತಿಕೊಂಡಳು.

"ಬ್ಯಾಡ್ರಿ!" ಅವನು ಕೈ ಚಾಚುವಷ್ಟರಲ್ಲಿ ಅವಳು ತುಟಿಗಿಟ್ಟು, ಗಟಗಟನೆ, ಒಂದು ಹನಿ ಬಿಡದೆ ಕುಡಿದಳು.

"ನಾಗೂ! ನಿನಗೇನು ತಲಿ ಕೆಟ್ಟೈತಾ?" ಹೊನ್ನಕ್ಕ ಒಳಗೆ ನುಗ್ಗಿ ಅವಳ ತೋಳು ಹಿಡಿದು ಎಳೆದುಕೊಂಡೇ ಹೊರಟರು. ಒಂದು ಮಾತಾಡಲೂ ಬಿಡಲಿಲ್ಲ. ನಾಗು ತಿರುಗಿ ನೋಡಿದಳು. ಅವನು ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕಣ್ಣು ತುಂಬಿತ್ತು.

ಸಂಜೆ ಪಂಚಾಕ್ಷರಪ್ಪನವರ ಮುಂದೆ ಎಲ್ಲವೂ ಬಂತು.

"ಸುಳ್ಳು ಹೇಳಿದ ಮನೆ ಅದು," ಎಂದರು ಅವರು.

"ಅವರವ್ವ ಹೇಳಿದ್ದು ಅಪ್ಪಾ. ಇವರು ಖರೇ ಹೇಳಿದ್ರು. ನಾನು ಕೇಳಿದ ಕೂಡ್ಲೇ ಹೇಳಿದ್ರು."

"ನಾಳೆ ಮತ್ತೆ ರೋಗ ಬಂದ್ರೆ?"

"ಬಂದ್ರೆ ನಾನಿರ್ತೀನಿ. ನಾನಿರದಿದ್ರೆ ಬ್ಯಾರೆ ಯಾವಳಾದ್ರೂ ಇರ್ತಾಳೆ. ಅದನ್ನ ನೆನೆಸಿಕೊಂಡ್ರೆ ಸಾಕು ಅಪ್ಪಾ, ನನಗೆ ಉಸಿರು ಕಟ್ಟತೈತಿ!"

ಮಗಳ ಮುಖವನ್ನು ಪಂಚಾಕ್ಷರಪ್ಪ ಬಹಳ ಹೊತ್ತು ನೋಡಿದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನ ಎಂದಿನಂತೆ ಅಂಗಡಿಗೆ ಹೋದರು. ಶುಕ್ರವಾರ ಬೆಳಗ್ಗೆ ಮಾತ್ರ ಹೊನ್ನಕ್ಕನಿಗೆ, "ಬುತ್ತಿ ಕಟ್ಟು. ಆ ಡಾಕ್ಟ್ರನ್ನ ನಾನೇ ಕೇಳ್ತೀನಿ. ಹುಡುಗಗ ಹೇಳಿ ಕಳಿಸೀನಿ, ಬರೋದು ಬಿಡೋದು ಅವನಿಗೆ ಬಿಟ್ಟಿದ್ದು," ಎಂದರು.

ಸಂಜೆ ದಾವಣಗೆರೆ ಸ್ಟೇಷನ್ನಿನಲ್ಲಿ ಟ್ರಂಕು, ಹಾಸಿಗೆ ಸುತ್ತಿದ ಹೋಲ್ಡಾಲು, ಬುತ್ತಿಯ ಗಂಟು. ಹರಿಹರದ ಕಡೆಯಿಂದ ರೈಲು ಬರಬೇಕಿತ್ತು. ನಾಗು ಹಳಿಯತ್ತಲೇ ನೋಡುತ್ತಿದ್ದಳು. ನಾಚಿಕೆಯಿಂದ ಅವರು ಬರದೇ ಹೋದರೆ? ತನ್ನ ಅಪ್ಪ ಕಳಿಸಿದ ಮಾತು ಗಡುಸಾಗಿ ಕೇಳಿಸಿದ್ದರೆ?

ರೈಲು ಹೊಗೆಯುಗುಳುತ್ತ ಬಂತು. ಒಂದು ಡಬ್ಬಿ, ಇನ್ನೊಂದು, ಮತ್ತೊಂದು... ಎಲ್ಲಿಯೂ ಇಲ್ಲ!

ಆಮೇಲೆ ಕಟ್ಟಕಡೆಯ ಡಬ್ಬಿಯ ಬಾಗಿಲಲ್ಲಿ ಕಂಡ. ಅವಳನ್ನು ನೋಡಿದವನೇ ರೈಲು ನಿಲ್ಲುವ ಮೊದಲೇ ಇಳಿದು ಓಡಿ ಬಂದ.

ಪಂಚಾಕ್ಷರಪ್ಪ ಅವನ ಕೈಗೆ ಟ್ರಂಕಿನ ಒಂದು ಹಿಡಿ ಕೊಟ್ಟರು. "ಹಿಡಿಯಪ್ಪ, ಭಾರ ಐತೆ," ಎಂದರು, ಅಷ್ಟೇ. ಹೊನ್ನಕ್ಕ ಮುಖ ಗಂಟಿಕ್ಕಿಕೊಂಡೇ, "ಊಟ ಮಾಡಿಯೋ ಇಲ್ಲೋ?" ಎಂದು ಕೇಳಿದರು.

ರೈಲು ಹೊರಟ ಮೇಲೆ ಹಿರಿಯರಿಬ್ಬರೂ ಒಳಗೆ ಜಾಗ ಹಿಡಿಯುವುದರಲ್ಲಿದ್ದರು. ಬಾಗಿಲ ಬಳಿ ಇವರಿಬ್ಬರೇ.

"ಅವತ್ತು ಆ ಲೋಟ ಎತ್ತಿಕೊಂಡಾಗ... ನಿಮಗೆ ಹೆದರಿಕೆ ಆಗ್ಲಿಲ್ಲೇನ್ರಿ?"

"ಹೆದರಿಕೆ ಎಲ್ಲಾ ಅದಕ್ಕೂ ಮೊದಲೇ ಮುಗಿದಿತ್ತು. ನೀವು ಇನ್ನೊಬ್ಬಳ ಪಾಲಾಗ್ತೀರಿ ಅಂತ ಅಷ್ಟು ದಿನ ಹೆದರಿದ್ದೆ. ಅದರ ಮುಂದೆ ಇದೇನ್ರಿ?"

ಬಾಗಿಲ ಗಾಳಿಗೆ ಅವಳ ಸೆರಗು ಹಾರಿ ಅವನ ಕೈ ತಾಕಿತು. ಇಬ್ಬರೂ ಅದನ್ನು ಸರಿಸಲಿಲ್ಲ.

"ನಾಗೂ..."

"ಏನ್ರಿ?"

"ಏನಿಲ್ಲ. ಒಮ್ಮೆ ಹಂಗೆ ಕರೀಬೇಕು ಅನಿಸ್ತು."

"ಒಮ್ಮೆ ಯಾಕ?" ಎಂದಳು ನಾಗು. "ಜೀವ ಇರೋತನಕ ಕರೀರಿ. ಆದ್ರೆ ನನ್ನೊಬ್ಬಳನ್ನೇ!"