ಐದು ಬಾಗಿಲಿನ ಕೋಣೆ

"ತಟ್ಟಿ ಬಾ!"

ಎರ್ಮೆಕ್ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. "ಏನನ್ನ ತಟ್ಟಲಿ?"

"ಬಾಗಿಲು. ಇದು ನನ್ನ ಕೋಣೆ."

"ಬೆರ್ಮೆತ್, ನಾನು ಬಾತ್‌ರೂಮಿಗೆ ಹೋಗ್ಬೇಕು ಕಣೆ. ಇಲ್ಲಿ ಬಾಗಿಲು ಎಲ್ಲಿದೆ?"

"ಹಾಗಿದ್ರೆ ಗೋಡೆ ತಟ್ಟು."

ಎರ್ಮೆಕ್ ಗೋಡೆಯನ್ನು ಟಕಟಕ ತಟ್ಟಿ, ತಂಗಿಯ ಮಂಚವನ್ನು ದಾಟಿ ಓಡಿದ. ಓಡುವಾಗ ಬೂಟಿನ ರಾಶಿಗೆ ಕಾಲು ತಗುಲಿ ಗೋಡೆಗೆ ಬಡಿದುಕೊಂಡದ್ದಕ್ಕೆ, ಗೂಟದಲ್ಲಿದ್ದ ಅಮ್ಮನ ಉಣ್ಣೆಯ ಕೋಟು ಧಪ್ಪೆಂದು ಬೆರ್ಮೆತ್‌ಳ ತಲೆ ಮೇಲೆ ಬಿತ್ತು.

ಅದು ಬೆರ್ಮೆತ್‌ಳ ಕೋಣೆಯೇ ಅಲ್ಲ, ಮನೆಯೊಳಗೆ ಕೋಣೆಗಳ ನಡುವೆ ಎಲ್ಲರೂ ಓಡಾಡುವ ಓಣಿ. ಬಿಷ್ಕೆಕ್ ನಗರದ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಮನೆ ಅದು. ಮುಂಬಾಗಿಲಿನಿಂದ ಅಡುಗೆಮನೆಯ ತನಕ ಓಣಿ ಆರು ಹೆಜ್ಜೆ ಉದ್ದ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಕಿಟಕಿ ಇರಲಿಲ್ಲ. ಗೋಡೆಗೆ ಎಂದೋ ಬಳಿದಿದ್ದ ಕಡುಹಸಿರು ಬಣ್ಣ ಈಗ ಪಾಚಿಯ ಹಾಗೆ ಕಾಣುತ್ತಿತ್ತು.

ಮೂರು ವಾರದ ಹಿಂದೆ ಅಣ್ಣ ಎರ್ಮೆಕ್‌ನ ಮದುವೆಯಾಯಿತು. ಬೆರ್ಮೆತ್‌ಳ ಚಿಕ್ಕ ಕೋಣೆ ಅಣ್ಣ ಅತ್ತಿಗೆಗೆ ಹೋಯಿತು. ಅಪ್ಪ ಅಮ್ಮನ ದೊಡ್ಡ ಕೋಣೆಯ ಅರ್ಧವನ್ನು ಅಮ್ಮನ ಹೊಲಿಗೆ ಮಿಷಿನ್ನು, ಬಟ್ಟೆಯ ಮೂಟೆಗಳು ತಿಂದುಹಾಕಿದ್ದವು. ಅಪ್ಪ ಲಾರಿ ಹತ್ತಿ ಹೊರಡುವ ಮೊದಲು ಮಡಿಸುವ ಮಂಚವೊಂದನ್ನು ತಂದು ಓಣಿಯಲ್ಲಿ ಹಾಕಿಕೊಟ್ಟು, "ಸ್ವಲ್ಪ ದಿನ ಅಷ್ಟೇ ಪುಟ್ಟಿ" ಎಂದಿದ್ದ. ಆ ಸ್ವಲ್ಪ ದಿನ ಯಾವಾಗ ಮುಗಿಯುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಶುಕ್ರವಾರ ಶಾಲೆಯಲ್ಲಿ ಟೀಚರ್ 'ನನ್ನ ಕೋಣೆ' ಎಂಬ ಚಿತ್ರ ಬರೆಯಲು ಹೇಳಿದರು. ಬೆರ್ಮೆತ್ ಉದ್ದನೆಯ ಒಂದು ಪೆಟ್ಟಿಗೆ ಬರೆದು, ಅದರೊಳಗೆ ಮಂಚ, ಹನ್ನೊಂದು ಕೋಟು, ಹದಿನಾಲ್ಕು ಬೂಟು ಬರೆದಳು.

ಪಕ್ಕದ ಬೆಂಚಿನ ತಿಲೆಕ್ ಇಣುಕಿ ನೋಡಿದ. "ಇದೇನೇ? ಬೂಟಿನ ಅಂಗಡೀಲಿ ಮಲಗ್ತೀಯಾ?"

ಹಿಂದಿನ ಬೆಂಚಿನವರು ಕಿಸಕ್ಕೆಂದರು.

"ನಿನ್ನ ಕೋಣೆಗೆ ಎಷ್ಟು ಬಾಗಿಲು?" ಎಂದು ಬೆರ್ಮೆತ್ ಕೇಳಿದಳು.

"ಒಂದು."

"ನನ್ನ ಕೋಣೆಗೆ ಐದು! ಲೆಕ್ಕ ಮಾಡ್ಕೋ."

ತಿಲೆಕ್ ತನ್ನ ಹಾಳೆಗೆ ತಿರುಗಿದ. ಮಾತಿನಲ್ಲಿ ಗೆದ್ದರೂ ಬೆರ್ಮೆತ್‌ಗೆ ಖುಷಿಯಾಗಲಿಲ್ಲ. ಚಿತ್ರಕ್ಕೆ ಬಣ್ಣ ತುಂಬಲು ಕಪ್ಪು ಮತ್ತು ಕಡುಹಸಿರು ಬಿಟ್ಟು ಬೇರೆ ಪೆನ್ಸಿಲ್ ಬೇಕಾಗಿರಲಿಲ್ಲ.

ಆ ಸಂಜೆ ಅವಳು ಬಾಲ್ಕನಿಗೆ ಹೋಗಿ ಅಣ್ಣನ ಸಾಮಾನುಗಳನ್ನೆಲ್ಲ ಕೆದಕಿದಳು. ಎರ್ಮೆಕ್ ಹೊಸ ಮನೆಗಳಿಗೆ ಬಣ್ಣ ಬಳಿಯುವ ಕೆಲಸ ಮಾಡುತ್ತಿದ್ದ.

"ಈ ಡಬ್ಬಿ ಯಾರದು?"

"ಮಿಕ್ಕಿದ್ದು. ಬೆಣ್ಣೆ ಬಣ್ಣ. ಎಸೀಬೇಕು ಅಂತಿದ್ದೆ."

"ಎಸೀಬೇಡ."

"ಯಾಕೆ?" ಎಂದ ಎರ್ಮೆಕ್. ತಂಗಿಯ ಮುಖ ನೋಡಿ, "ಬೇಡ, ಹೇಳ್ಬೇಡ. ನನಗೇನೂ ಗೊತ್ತಿಲ್ಲ" ಎಂದು ಒಳಗೆ ಹೋಗಿಬಿಟ್ಟ.

ಶನಿವಾರ ಬೆಳಿಗ್ಗೆ ಅಮ್ಮ ಹೊಲಿದ ಬಟ್ಟೆಗಳ ಗಂಟು ಹೊತ್ತು ಬಜಾರಿಗೆ ಹೊರಟಳು. ಭಾನುವಾರ ಅತ್ತಿಗೆಯ ತಾಯಿ ವಸಂತದ ಹೊಸವರ್ಷವಾದ ನೌರುಜ್ ಹಬ್ಬಕ್ಕೆಂದು ಮೊದಲ ಸಲ ಬರುವವರಿದ್ದರು. "ಬೀಗಿತ್ತಿ ಬರ್ತಾರೆ, ಮನೆ ಥಳಥಳ ಅನ್ನಬೇಕು" ಎಂದು ಅಮ್ಮ ಸೊಸೆಗೆ ಹತ್ತು ಕೆಲಸ ಹೇಳಿ ಹೋದಳು. ಅಣ್ಣನೂ ಕೆಲಸಕ್ಕೆ ಹೋದ.

ಬೆರ್ಮೆತ್ ಮೊದಲು ಕೋಟುಗಳಿಗೆ ಕೈ ಹಾಕಿದಳು. ಅಮ್ಮನ ನಾಲ್ಕು ಕೋಟು ಅಮ್ಮನ ಕೋಣೆಗೆ. ಅಪ್ಪನ ಎರಡು, ಅದೂ ಅಲ್ಲಿಗೇ. ಅಣ್ಣ ಅತ್ತಿಗೆಯದನ್ನು ಅವರ ಬಾಗಿಲ ಮುಂದೆ ಇಟ್ಟಳು. ಬೂಟುಗಳನ್ನೆಲ್ಲ ಬಾಲ್ಕನಿಗೆ ಸಾಗಿಸಿದಳು. ಗೋಡೆ ಒರೆಸಿ, ಹಳೇ ಬಟ್ಟೆ ಹಾಸಿ, ಕುರ್ಚಿ ಹತ್ತಿ ಬಣ್ಣ ಬಳಿಯತೊಡಗಿದಳು.

ಬೆಣ್ಣೆ ಬಣ್ಣ ಪಾಚಿಯ ಮೇಲೆ ಹರಡುತ್ತಾ ಹೋಯಿತು. ಒಂದು ಸಲ ಬಳಿದರೆ ಸಾಲಲಿಲ್ಲ, ಎರಡು ಸಲ ಬಳಿದಳು. ಗಂಟೆ ಹನ್ನೊಂದಾಗುವ ಹೊತ್ತಿಗೆ ಗೋಡೆಯ ಕೆಳಗಿನ ಅರ್ಧ ಬೆಣ್ಣೆ, ಮೇಲಿನ ಅರ್ಧ ಪಾಚಿ. ಕುರ್ಚಿಯ ಮೇಲೆ ತುದಿಗಾಲಲ್ಲಿ ನಿಂತರೂ ಇನ್ನು ಮೇಲಕ್ಕೆ ಎಟುಕಲಿಲ್ಲ. ಓಣಿ ಮೊದಲಿಗಿಂತ ವಿಕಾರವಾಗಿ ಕಾಣುತ್ತಿತ್ತು. ಬೆರ್ಮೆತ್‌ಗೆ ಅಳು ಬಂತು. ಅತ್ತರೆ ಸೋತ ಹಾಗೆ ಎಂದು ಬ್ರಷ್ಷನ್ನು ಇನ್ನೂ ಜೋರಾಗಿ ಉಜ್ಜಿದಳು.

ಟಕ್ ಟಕ್.

ಅತ್ತಿಗೆ ಕೆಂಜೆ ತನ್ನ ಕೋಣೆಯ ಬಾಗಿಲಲ್ಲಿ ನಿಂತು, ಚೌಕಟ್ಟನ್ನು ಮೆಲ್ಲಗೆ ತಟ್ಟುತ್ತಿದ್ದಳು. ತಲೆಯ ಮೇಲೆ ಹೊಸ ಸೊಸೆಯ ಬಿಳಿ ವಸ್ತ್ರ. "ಒಳಗೆ ಬರಲಾ?"

ಹೇಳಿಸಿಕೊಳ್ಳದೆ ತಟ್ಟಿದವರು ಈ ಮನೆಯಲ್ಲಿ ಇವಳೊಬ್ಬಳೇ. ಬೆರ್ಮೆತ್ ಬ್ರಷ್ಷನ್ನು ಕೆಳಗಿಳಿಸಿದಳು. ಮೂರು ವಾರದಿಂದ ಅವಳು ಅತ್ತಿಗೆಯ ಜೊತೆ ನೆಟ್ಟಗೆ ಮಾತಾಡಿರಲಿಲ್ಲ.

"ಬನ್ನಿ. ಗೋಡೆ ಮುಟ್ಬೇಡಿ, ಒದ್ದೆ ಇದೆ."

"ನೀವು ಮೂಲೆಗಳನ್ನ ತುಂಬಾ ಚೆನ್ನಾಗಿ ಬಳಿದಿದೀರಿ."

"ನನ್ನನ್ನ ಯಾಕೆ ನೀವು ಅಂತೀರಿ? ನಾನೇನು ಮುದುಕೀನಾ? ಹೆಸರು ಹಿಡಿದು ಕರೀರಿ."

"ಗಂಡನ ಮನೆಯವರ ಹೆಸರನ್ನ ಸೊಸೆ ಹೇಳೋ ಹಾಗಿಲ್ವಲ್ಲ. ನಾನೇ ಒಂದು ಹೆಸರಿಟ್ಟು ಕರೀಬೇಕು. ಇಷ್ಟು ದಿನ ಏನೂ ಹೊಳೆದಿರ್ಲಿಲ್ಲ." ಕೆಂಜೆ ಅವಳ ಮೂಗಿನ ಮೇಲಿನ ಬಣ್ಣದ ಚುಕ್ಕೆ ನೋಡಿದಳು. "ಈಗ ಹೊಳೀತು. ಪುಟ್ಟ ಮೇಸ್ತ್ರಿ."

ಬೆರ್ಮೆತ್‌ಗೆ ನಗು ಬಂತು. ತಡೆದುಕೊಂಡಳು. "ಮೇಸ್ತ್ರಿಗೆ ನೀವು ಗೀವು ಬೇಡ."

"ಸರಿ ಮೇಸ್ತ್ರಿ. ಮೇಲಿನ ಅರ್ಧ ನಾನು ಬಳೀಲಾ? ನನಗೆ ಎಟುಕುತ್ತೆ."

ಬೆರ್ಮೆತ್ ಒಂದು ಕ್ಷಣ ಯೋಚಿಸಿ ಬ್ರಷ್ ಕೊಟ್ಟಳು.

ಕೆಂಜೆ ಎತ್ತರದ ಹುಡುಗಿ. ತೋಳು ಮಡಚಿಕೊಂಡು ಸರಸರ ಬಳಿದಳು. ಊರಲ್ಲಿ ಪ್ರತಿ ವಸಂತಕ್ಕೂ ಮನೆಗೆ ಸುಣ್ಣ ಬಳಿಯುತ್ತಿದ್ದುದು ಅವಳೇ ಅಂತೆ.

ಮಧ್ಯಾಹ್ನಕ್ಕೆ ಗೋಡೆಯೆಲ್ಲ ಬೆಣ್ಣೆಯಾಯಿತು. ಆದರೂ ಓಣಿಯಲ್ಲಿ ಮಂಕು ಹೋಗಲಿಲ್ಲ. ಕೆಂಜೆ ಒಳಗಿನಿಂದ ಉದ್ದ ಕನ್ನಡಿಯೊಂದನ್ನು ಹೊತ್ತು ತಂದಳು. "ಇದು ನಿನ್ನದಂತೆ. ಅಲ್ಲೇ ಉಳಿದುಬಿಟ್ಟಿತ್ತು." ಮುಂಬಾಗಿಲ ಪಕ್ಕ ತೂಗುಹಾಕಿದರು. ಕನ್ನಡಿಯಲ್ಲಿ ಮೂಲೆಯ ಪೊರಕೆಯೂ ಬಕೆಟ್ಟೂ ಕಂಡವು.

"ಈಗ ನಮ್ಮನೇಲಿ ಎರಡು ಪೊರಕೆ" ಎಂದಳು ಬೆರ್ಮೆತ್.

ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಕಿ ನೋಡಿದರು. ಅಡುಗೆಮನೆಯ ಕಿಟಕಿ, ಹೊರಗಿನ ಆಕಾಶದ ತುಂಡು, ಎಲ್ಲ ಕನ್ನಡಿಯೊಳಗೆ ಬಂದು ಕೂತವು. ಆ ಗೋಡೆಯೇ ಇಲ್ಲವೆನ್ನುವಷ್ಟು ಓಣಿ ಅಗಲವಾಯಿತು. ಆದರೆ ಮಂಚ ಇದ್ದ ತುದಿಯಲ್ಲಿ ಇನ್ನೂ ಕತ್ತಲೆ.

"ನಿಮ್ಮ ಬಾಗಿಲು ತೆರೆದಿಡಿ" ಎಂದಳು ಬೆರ್ಮೆತ್. "ಬಿಸಿಲೆಲ್ಲ ಆ ಕೋಣೇಲೇ ಇದೆ. ಯಾವಾಗ ನೋಡಿದ್ರೂ ಮುಚ್ಚಿರ್ತೀರಿ."

ಕೆಂಜೆ ತಲೆವಸ್ತ್ರದ ಅಂಚನ್ನು ಸರಿಮಾಡಿಕೊಂಡಳು. ಆಮೇಲೆ ಹೇಳಿದಳು, "ಬಾಗಿಲು ಮುಚ್ಚಿದಾಗ ಮಾತ್ರ ನಾನು ಈ ತಲೆವಸ್ತ್ರ ತೆಗೀಬಹುದು. ಕಾಲು ಚಾಚಿ ಕೂರಬಹುದು. ನಮ್ಮೂರಲ್ಲಿ ಮನೆಯಿಂದ ಆಚೆ ಬಂದ್ರೆ ಬೆಟ್ಟದ ಬುಡದ ತನಕ ಅಂಗಳ. ಇಲ್ಲಿ ಎಲ್ಲಿ ನಿಂತ್ರೂ ಬೇರೆಯವರ ಜಾಗದಲ್ಲಿ ನಿಂತ ಹಾಗಿರುತ್ತೆ. ಮಲಗೋದು ನಿನ್ನ ಕೋಣೇಲಿ. ಅಡುಗೆ ಮಾಡೋದು ಅತ್ತೆಯ ಒಲೇಲಿ."

'ನಿನ್ನ ಕೋಣೆ' ಎಂದು ಅವಳೇ ಅಂದಾಗ ಬೆರ್ಮೆತ್‌ಗೆ ಹೇಗೋ ಆಯಿತು. ಇಷ್ಟು ದಿನ ಅದನ್ನೇ ತಾನು ಕೂಗಿ ಹೇಳಬೇಕೆಂದಿದ್ದಳು. ಈಗ ಕೂಗಲು ಏನೂ ಉಳಿಯಲಿಲ್ಲ.

ಕೆಂಜೆ ತಲೆ ಎತ್ತಿ ನೋಡುತ್ತಿದ್ದಳು. ಅವಳ ಕೋಣೆಯ ಬಾಗಿಲ ಮೇಲೆ, ಛಾವಣಿಯ ಹತ್ತಿರ, ಒಂದು ಅಗಲವಾದ ಗಾಜು ಇತ್ತು. ಅದಕ್ಕೆ ಯಾರೋ ಕಂದು ಬಣ್ಣ ಬಳಿದಿದ್ದರು. "ಮೇಸ್ತ್ರಿ, ಒಂದು ಚಾಕು ಕೊಡು."

ಅವಳು ಕುರ್ಚಿ ಹತ್ತಿ ಗಾಜನ್ನು ಕೆರೆಯತೊಡಗಿದಳು. ಕಂದು ಪದರ ಸುರುಳಿ ಸುರುಳಿಯಾಗಿ ಬೆರ್ಮೆತ್‌ಳ ತಲೆ ಮೇಲೆ ಉದುರಿತು. ಮೊದಲು ಒಂದು ಗೆರೆಯಷ್ಟು ಬಿಸಿಲು ಬಂತು, ಆಮೇಲೆ ಅಂಗೈಯಷ್ಟು. ಕೊನೆಗೆ ಬೆಳಕು ಇಡೀ ಚೌಕವಾಗಿ ಎದುರು ಗೋಡೆಗೆ ಬಿದ್ದು, ಮಂಚದ ತಲೆದಿಂಬಿನ ತನಕ ಇಳಿಯಿತು. ಬಾಗಿಲು ಮಾತ್ರ ಮುಚ್ಚೇ ಇತ್ತು.

ಇಬ್ಬರೂ ಮಂಚದ ಮೇಲೆ ಕೂತು ಗೋಡೆ ನೋಡಿದರು. ಕೆಂಜೆ ಕಾಲು ಚಾಚಿದಳು.

ಆಗ ಮುಂಬಾಗಿಲು ತೆರೆಯಿತು. ಅಮ್ಮ ಖಾಲಿ ಗಂಟು ಹಿಡಿದು ನಿಂತಿದ್ದಳು. ಹಿಂದೆಯೇ ಎರ್ಮೆಕ್. ಅಭ್ಯಾಸಬಲದಿಂದ ಅವನು ಗೋಡೆ ತಟ್ಟಿದ, ಬೆರಳಿಗೆಲ್ಲ ಬಣ್ಣ ಮೆತ್ತಿತು.

"ಯಾರು ಮಾಡಿದ್ದು ಇದು?" ಎಂದಳು ಅಮ್ಮ.

"ನಾನು" ಬೆರ್ಮೆತ್ ಎದ್ದು ನಿಂತಳು.

"ನಾಳೆ ಬೀಗಿತ್ತಿ ಬರ್ತಾರೆ, ಮನೆಯೆಲ್ಲ ಬಣ್ಣದ ವಾಸನೆ! ಕೋಟುಗಳೆಲ್ಲಿ? ನಿಮ್ಮಜ್ಜನ ಕಾಲದಿಂದ ಕೋಟು ಇಲ್ಲೇ ಇರೋದು."

"ಅಜ್ಜ ಇಲ್ಲಿ ಮಲಗ್ತಿರ್ಲಿಲ್ಲ. ಯಾರ ಕೋಟು ಅವರ ಕೋಣೇಲಿರಲಿ."

"ಬಾಯಿ ನೋಡು ಇವಳದು! ನನ್ನನ್ನ ಒಂದು ಮಾತು ಕೇಳಿದ್ಯಾ?"

"ನನ್ನ ಕೋಣೆ ಕೊಡೋವಾಗ ನನ್ನನ್ನ ಯಾರು ಕೇಳಿದ್ರು?"

ಎರ್ಮೆಕ್ ತನ್ನ ಬೆರಳುಗಳನ್ನೇ ನೋಡುತ್ತ ನಿಂತ. ಅಮ್ಮನ ಮುಖ ಕೆಂಪಾಯಿತು. ಬೆರ್ಮೆತ್ ಕಣ್ಣು ಕೆಳಗೆ ಹಾಕಲಿಲ್ಲ.

"ಕೋಟುಗಳೆಲ್ಲ ಈಗಲೇ ವಾಪಸ್ ಬರಬೇಕು" ಎಂದಳು ಅಮ್ಮ.

"ನಾನೂ ಬಳಿದಿದೀನಿ, ಅತ್ತೆ."

ಎಲ್ಲರೂ ತಿರುಗಿ ನೋಡಿದರು. ಈ ಮನೆಗೆ ಬಂದಾಗಿನಿಂದ ಕೆಂಜೆ ಅತ್ತೆಯ ಮುಂದೆ "ಹೂಂ" ಮತ್ತು "ಆಗಲಿ" ಬಿಟ್ಟು ಬೇರೆ ಮಾತಾಡಿರಲಿಲ್ಲ. "ಮೇಲಿನ ಅರ್ಧ ಪೂರ್ತಿ ನಾನೇ. ಆ ಗಾಜು ಕೆರೆದಿದ್ದೂ ನಾನೇ. ಅದು ಹೀಗೇ ಇರಲಿ ಅಂತ ನನ್ನಾಸೆ."

ಅವಳು ಮಧ್ಯೆ ಬಂದು ತನ್ನ ಜಗಳವನ್ನು ಕಸಿದುಕೊಂಡಳೆಂದು ಬೆರ್ಮೆತ್‌ಗೆ ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಅತ್ತಿಗೆಯ ಕೈ ಕಂಡಿತು. ಚಾಕು ಹಿಡಿದಿದ್ದ ಆ ಕೈ ಎಲೆಯ ಹಾಗೆ ಅದುರುತ್ತಿತ್ತು. ತಾನು ಅಮ್ಮನಿಗೆ ದಿನಕ್ಕೆ ಹತ್ತು ಸಲ ಎದುರಾಡುತ್ತಾಳೆ, ಆದರೆ ಹೀಗೆ ನಡುಗುವುದಿಲ್ಲ.

ಅಮ್ಮ ತಲೆ ಎತ್ತಿ ಗಾಜನ್ನು ತುಂಬ ಹೊತ್ತು ನೋಡಿದಳು.

"ಆ ಕಂದು ಬಣ್ಣ ಬಳಿದಿದ್ದು ನಾನು" ಎಂದಳು ಕೊನೆಗೆ. "ಸೊಸೆಯಾಗಿ ಆ ಕೋಣೆಗೆ ಬಂದ ವರ್ಷ. ಕೋಣೇಲಿ ದೀಪ ಉರೀತಿರೋದು ಕಂಡ್ರೆ ಸಾಕು, ನಮ್ಮತ್ತೆ ಕೆಲಸಕ್ಕೆ ಕೂಗೋರು."

ಅಮ್ಮ ಗೋಡೆಯ ಮೇಲೆ ಮಲಗಿದ್ದ ಬಿಸಿಲನ್ನು ನೋಡಿದಳು. ಮೈಮೇಲಿನ ಕೋಟು ಬಿಚ್ಚಿದಳು, ಗೂಟದ ಕಡೆಗೆ ಕೈ ಚಾಚಿ ತಡೆದಳು, ಆಮೇಲೆ ಅದನ್ನು ತೋಳಿನ ಮೇಲೆ ಹಾಕಿಕೊಂಡು ತನ್ನ ಕೋಣೆಗೆ ನಡೆದಳು. ಅಲ್ಲಿಂದಲೇ ಕೂಗಿದಳು: "ಬಾತ್‌ರೂಮ್ ಬಾಗಿಲ ಹಿಂದಿನ ಮೂಲೆ ಬಿಟ್ಟಿದೀರಿ! ಅರ್ಧಂಬರ್ಧ ಕೆಲಸ ಮಾಡಿದ್ರೆ ಇಬ್ಬರಿಗೂ ಇದೆ!"

ಭಾನುವಾರ ಕೆಂಜೆಯ ತಾಯಿ ಬಂದರು. ಬಿಸಿಲಿಗೆ ಸುಟ್ಟ ಮುಖದ, ಮಗಳಷ್ಟೇ ಎತ್ತರದ ಹೆಂಗಸು. ಓಣಿಯಲ್ಲಿ ಬೂಟು ಬಿಚ್ಚುತ್ತ, ಯಾರಿಗೂ ಕೇಳದ ಹಾಗೆ ಮಗಳನ್ನು ಕೇಳಿದರು, "ಹೇಗಿದೀಯ ಮಗಾ?"

ಕೆಂಜೆ ಉತ್ತರ ಕೊಡದೆ ಗೋಡೆ ತೋರಿಸಿದಳು. "ಇದನ್ನ ನಾನು ಬಳಿದೆ, ಅಮ್ಮ."

ತಾಯಿ ಅಂಗೈಯನ್ನು ಗೋಡೆಗೆ ಒತ್ತಿ, ಕುದುರೆಯ ಮೈ ಸವರುವ ಹಾಗೆ ಸವರಿದರು. "ಯಾವ ಕಡೆ?"

"ಎಲ್ಲ ನನ್ನದು" ಎಂಬ ಮಾತು ಬೆರ್ಮೆತ್‌ಳ ನಾಲಿಗೆಯ ತುದಿಯಲ್ಲೇ ಇತ್ತು. ಬಣ್ಣ ಹುಡುಕಿದ್ದು ಅವಳು, ಬೈಸಿಕೊಂಡಿದ್ದು ಅವಳು. ಆದರೂ "ಮೇಲಿನದೆಲ್ಲ ಅತ್ತಿಗೆಯದು" ಎಂದಳು. "ಕಷ್ಟದ ಭಾಗ ಅದೇ."

ದೊಡ್ಡ ಕೋಣೆಯಲ್ಲಿ ಹಾಸಿನ ಮೇಲೆ ಎಲ್ಲರೂ ಕೂತರು. ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಸಿ ಬಿಸಿ ಬೋರ್ಸೋಕ್, ಜೇನು, ಒಣದ್ರಾಕ್ಷಿ. ತಾಯಿ ಗೌರವದ ಜಾಗದಲ್ಲಿ, ಬಾಗಿಲಿಂದ ದೂರ. ಕೆಂಜೆ ಬಾಗಿಲ ಬಳಿ ಚಹಾದ ಪಾತ್ರೆಯ ಮುಂದೆ. ಸೊಸೆ ಕೂರುವುದು ಅಲ್ಲೇ, ಎಲ್ಲರಿಗೂ ಚಹಾ ಹಾಕಿಕೊಡುವುದು ಅವಳೇ. ತಾಯಿ ಮಗಳ ನಡುವೆ ಇಡೀ ಕೋಣೆ ಇತ್ತು.

ಬೆರ್ಮೆತ್ ಎದ್ದು ಹೋಗಿ ಚಹಾದ ಪಾತ್ರೆಯ ಪಕ್ಕ ಕೂತಳು.

"ಸ್ವಲ್ಪ ಆಚೆ ಸರೀರಿ. ಇವತ್ತು ನಾನು ಹಾಕ್ತೀನಿ."

"ಮೇಸ್ತ್ರಿ, ಬೇಡ" ಎಂದು ಕೆಂಜೆ ಪಿಸುಗುಟ್ಟಿ ಅತ್ತೆಯ ಕಡೆ ನೋಡಿದಳು.

"ಹೋಗಿ, ನಿಮ್ಮಮ್ಮನ ಹತ್ರ ಕೂತ್ಕೊಳ್ಳಿ."

ಅಮ್ಮ ಹುಬ್ಬೇರಿಸಿದಳು. ಬೆರ್ಮೆತ್ ಆ ಹುಬ್ಬು ಕಾಣದವಳಂತೆ ಬಟ್ಟಲುಗಳನ್ನು ಜೋಡಿಸಿದಳು. ಕೆಂಜೆ ನಿಧಾನವಾಗಿ ಎದ್ದು, ಕೋಣೆ ದಾಟಿ, ತಾಯಿಯ ಪಕ್ಕ ಕೂತಳು. ತಾಯಿ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

ಬೆರ್ಮೆತ್ ಚಹಾ ಬಗ್ಗಿಸಿದಳು. ಸ್ವಲ್ಪ ಚೆಲ್ಲಿತು. ಈ ಮನೆಯಲ್ಲಿ ಮೊದಲ ಬಟ್ಟಲು ಅತಿಥಿಗೆ, ಆಮೇಲೆ ಹಿರಿಯರಿಗೆ, ಎಲ್ಲಕ್ಕಿಂತ ಕೊನೆಯದು ಸೊಸೆಗೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎರಡೂ ಕೈಯಲ್ಲಿ ಬಟ್ಟಲು ಹಿಡಿದು ನಡೆದಳು. ಮೊದಲನೆಯದನ್ನು ಅತಿಥಿಗೆ ಕೊಟ್ಟಳು. ಎರಡನೆಯದನ್ನು, ಅಮ್ಮನನ್ನು ದಾಟಿ, ಅಣ್ಣನನ್ನು ದಾಟಿ, ಕೆಂಜೆಯ ಮುಂದೆ ಇಟ್ಟಳು.

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಬೆರ್ಮೆತ್ ಕಾದು ನಿಂತಳು. ಅಮ್ಮ ಬಾಯಿ ಮುಚ್ಚಿ, ಜೇನಿನ ಬಟ್ಟಲನ್ನು ಸೊಸೆಯ ಕಡೆಗೆ ಸರಿಸಿದಳು.