ರೆಕ್ಕೆಯ ತಟ್ಟೆಗಳು

ಮಹಾಯುದ್ಧದ ಕಾಲದಲ್ಲಿ ಪಾಂಡವಪುರದ ಹತ್ತಿರ ನಮ್ಮೂರ ಕಬ್ಬಿನ ಗದ್ದೆಗೆ ಬಾಂಬು ಹಾಕುವ ವಿಮಾನವೊಂದು ಬಿದ್ದು, ಒಳಗಿದ್ದ ಐದೂ ಜನ ಸುಟ್ಟುಹೋದರಂತೆ. ಅವರ ನೆನಪಿಗೆಂದು ನಮ್ಮ ತಾತ, ಕುಲುಮೆ ಆಚಾರಿ, ವಿಮಾನದ ರೆಕ್ಕೆ ಕರಗಿಸಿ ಐದು ತಟ್ಟೆ ಮಾಡಿದ. ಪಿತೃಪಕ್ಷದಲ್ಲಿ ಅವರಿಗೆ ಅವುಗಳಲ್ಲೇ ಎಡೆ. ಹಬೆಯಾಡುವ ಅನ್ನ ಬಡಿಸಿದ ಕೂಡಲೇ ತಣ್ಣಗಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಕಾಗೆ ಮುಟ್ಟುತ್ತಿರಲಿಲ್ಲ.

ತಾತ ತೀರಿಕೊಂಡ ವರ್ಷ ಅವ್ವ ಅಂದಳು: "ಅವ್ರು ಸತ್ತ ಇಮಾನದಲ್ಲೇ ಅವ್ರಿಗೆ ಉಣ್ಣಕ್ಕಿಕ್ತಾ ಇದ್ದೀವಿ ಕಣ್ಲಾ ಮೌನೇಶ. ಬಾಳೆಲೆ ತಕ್ಕೊಂಡ್ಬಾ."

ಎಲೆಗೆ ಬಡಿಸಿ ತಾರಸಿ ಮೇಲಿಟ್ಟೆ. ಕಾಗೆಗಳು ಮುಗಿಬಿದ್ದು ಐದೂ ಎಲೆ ಖಾಲಿ ಮಾಡಿದವು. ಅವ್ವ ಕಣ್ಣೊರೆಸಿಕೊಂಡಳು.

ಪಕ್ಕದಲ್ಲಿ ಬಾಳೆಲೆಯಲ್ಲೇ ಇಟ್ಟಿದ್ದ ತಾತನ ಎಡೆ ಹಾಗೇ ಇತ್ತು. ಮುಟ್ಟಿದೆ. ಸುಡುಬಿಸಿಲಲ್ಲಿ ಅನ್ನ ಮಂಜುಗಡ್ಡೆಯಾಗಿತ್ತು, ಪೆಟ್ರೋಲ್ ನಾತ.

ಅವತ್ತಿನಿಂದ ಇವತ್ತಿನವರೆಗೂ ತಾತನ ಎಡೆಗೆ ಕಾಗೆ ಬಂದಿಲ್ಲ.